ಸಾಗರದ್ವೀಪಗಳಲ್ಲಿ ಕಪ್ಪೆಗಳೇಕಿಲ್ಲ?

ಭೂಖಂಡಗಳಿಂದ ಬಹುದೂರದಲ್ಲಿ, ಕಡಲ ತಳದಿಂದ ಜ್ವಾಲಾಮುಖಿಗಳಾಗಿ ಮೇಲೆದ್ದ ದ್ವೀಪಗಳುಂಟು. ಹವಾಯಿ, ಗಲಾಪಗಸ್, ಅಝೋರ್ಸ್ ಇಂಥವು. ಮನುಷ್ಯನು ತಂದು ಬಿಡುವವರೆಗೆ ಇವುಗಳಲ್ಲಿ ಕಪ್ಪೆಯೇ ಇರಲಿಲ್ಲ. ಹವಾಯಿಯಲ್ಲಿ ಮಳೆ, ಕಾಡು, ಕೀಟಗಳಿಗೆ ಕೊರತೆಯೆ?

ಪ್ರತಿಯೊಂದು ಜೀವಜಾತಿಯನ್ನೂ ಸೃಷ್ಟಿಕರ್ತನು ಅದರದರ ನೆಲೆಗೆ ತಕ್ಕಂತೆ ಬೇರೆಬೇರೆಯಾಗಿ ನಿರ್ಮಿಸಿದನೆಂಬುದು ಸೃಷ್ಟಿವಾದಿಗಳ ಹಳೆಯ ಮತ. 1859ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಡಾರ್ವಿನ್ನನು ಈ ಕಪ್ಪೆಯನ್ನೇ ಮುಂದಿಟ್ಟು ಆ ಮತವನ್ನು ಪರೀಕ್ಷಿಸಿದನು. ಮದೀರಾ, ಅಝೋರ್ಸ್, ಮಾರಿಷಸ್‌ಗಳಲ್ಲಿ ಜನರು ತಂದು ಬಿಟ್ಟ ಕಪ್ಪೆಗಳು ಉಪದ್ರವವಾಗುವಷ್ಟು ಹೆಚ್ಚಿದ್ದವು. ಆದುದರಿಂದ ನೆಲೆ ಒಗ್ಗದೆಂದು ಹೇಳುವಂತಿಲ್ಲ. ಉಪ್ಪುನೀರು ಕಪ್ಪೆಗೂ ಅದರ ಮೊಟ್ಟೆಗೂ ಮಾರಕ. ಕಡಲು ದಾಟಿ ಬರುವುದು ಅದಕ್ಕೆ ದುಸ್ಸಾಧ್ಯ. ಹಾರಬಲ್ಲ ಬಾವಲಿಯಾದರೋ ಹವಾಯಿಯನ್ನು ಸ್ವಂತ ಬಲದಿಂದಲೇ ಮುಟ್ಟಿದೆ.

ಸೃಷ್ಟಿವಾದಿಗಳ ಇಂದಿನ ಉತ್ತರವನ್ನೂ ಕೇಳಬೇಕು. ಮೂಲಜೀವಿಗಳು ಒಂದೆಡೆಯಿಂದ, ಅದೂ ಕೆಲವೇ ಸಾವಿರ ವರ್ಷಗಳ ಹಿಂದೆ, ಹೊರಟು ಹರಡಿದುವೆಂದೂ ತಂತಮ್ಮ ವರ್ಗದ ಮೇರೆಯೊಳಗೆ ಮಾರ್ಪಟ್ಟುವೆಂದೂ ಅವರಲ್ಲಿ ಹಲವರು ಈಗ ಹೇಳುತ್ತಾರೆ. ಹಾಗಾದಲ್ಲಿ ಹವಾಯಿಯಲ್ಲಿ ಕಪ್ಪೆಯಿಲ್ಲದಿರುವುದು ಅವರಿಗೂ ತೊಡಕಲ್ಲ, ಇದನ್ನು ಒಪ್ಪಲೇಬೇಕು. ತೊಡಕಿರುವುದು ಕಪ್ಪೆಗಳುಳ್ಳ ದ್ವೀಪಗಳಲ್ಲಿ.

ಹಿಂದೂ ಮಹಾಸಾಗರದ ಸೇಶೆಲ್ಸ್ ದ್ವೀಪಗಳನ್ನು ನೋಡಿ. ಬೇರೆಲ್ಲಿಯೂ ಕಾಣದ ಪುಟ್ಟ ಕಪ್ಪೆಗಳ ಕುಟುಂಬವೊಂದು ಅಲ್ಲಿದೆ; ಅವುಗಳಲ್ಲಿ ಒಂದು ಜಾತಿ ಬೆರಳುಗುರಿನಷ್ಟೇ ದೊಡ್ಡದು. ಆದರೆ ಅಲ್ಲಿಯ ಮುಖ್ಯ ದ್ವೀಪಗಳು ಜ್ವಾಲಾಮುಖಿಯ ಕೂಸುಗಳಲ್ಲ, ಗ್ರಾನೈಟ್ ಶಿಲೆಯವು. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭಾರತದ ನೆಲದಿಂದ ಬೇರ್ಪಟ್ಟ ತುಣುಕುಗಳು ಅವು. ವಿಕಾಸವಾದವು ನಿಜವಾದರೆ ಈ ಕಪ್ಪೆಗಳ ನೆಂಟರು ಭಾರತದಲ್ಲಿ ದೊರೆಯಬಹುದಲ್ಲವೆ?

ದೊರೆತರು. 2003ರಲ್ಲಿ ಪಶ್ಚಿಮಘಟ್ಟಗಳ ಕೇರಳಭಾಗದಿಂದ ನೇರಳೆಬಣ್ಣದ ಒಂದು ಕಪ್ಪೆಯನ್ನು ವಿಜ್ಞಾನಿಗಳು ವರ್ಣಿಸಿದರು. ಉಬ್ಬಿದ ಒಡಲು, ಚೂಪಾದ ಮೂತಿ; ವರ್ಷದ ಬಹುಭಾಗ ನೆಲದೊಳಗೇ ವಾಸ; ಮಳೆ ಹಿಡಿದಾಗ ಸಂತಾನಕ್ಕಾಗಿ ಕೆಲವು ದಿನ ಹೊರಗೆ. ಸೇಶೆಲ್ಸಿನ ಕಪ್ಪೆಗೂ ಇದಕ್ಕೂ ರೂಪದಲ್ಲಿ ಯಾವ ಹೋಲಿಕೆಯೂ ಇಲ್ಲ. ಆದರೂ ಡಿಎನ್ಎ ಪರೀಕ್ಷೆಯಲ್ಲಿ ಇದರ ಅತಿ ಸಮೀಪದ ಬಂಧುಗಳು ಅವೇ ಎಂದು ಕಂಡುಬಂದಿತು. ಸೇಶೆಲ್ಸಿಗೆ ಭಾರತಕ್ಕಿಂತ ಆಫ್ರಿಕವೇ ಹತ್ತಿರ. ಈಚೆಗೆ ಒಂದೆಡೆಯಿಂದ ಹರಡಿದ ವಂಶವಾಗಿದ್ದರೆ, ಕಡಲು ದಾಟಲಾರದ ಈ ಪ್ರಾಣಿ ಈ ಎರಡು ಮೂಲೆಗಳಲ್ಲಿ ಮಾತ್ರ ಹೇಗೆ ಉಳಿಯಿತು?

ನಿಯಮಕ್ಕೆ ಅಪವಾದವೂ ಇದೆ, ಮುಚ್ಚಿಡಬೇಕಾಗಿಲ್ಲ. ಆಫ್ರಿಕದ ಪಶ್ಚಿಮಕ್ಕಿರುವ ಸಾವೊ ಟೊಮೆ ಜ್ವಾಲಾಮುಖಿಯಿಂದಲೇ ಹುಟ್ಟಿದ ದ್ವೀಪ. ಆದರೂ ಅಲ್ಲಿ ಸ್ವಂತ ಕಪ್ಪೆಗಳಿವೆ. ಮಹಾನದಿಗಳು ನೆರೆಯಲ್ಲಿ ಕಡಲಿಗೆ ತಳ್ಳಿದ ಗಿಡಮರಗಳ ತೆಪ್ಪವನ್ನೇರಿ, ನದಿಯ ಸಿಹಿನೀರು ಮೇಲೆ ಹರಡಿದ್ದಾಗ ಅವು ಬಂದಿರಬೇಕೆಂದು ವಿಜ್ಞಾನಿಗಳ ಊಹೆ. ಅವುಗಳ ನೆಂಟರಿರುವುದು ಆಫ್ರಿಕದಲ್ಲಿ.