ಎಡಿಟ್ ಮಾಡಿದವರ ಹಕ್ಕು ಎಲ್ಲಿಯವರೆಗೆ?

ಬೆಂಗಳೂರಿನ ರಾಜಗೋಪಾಲನಗರದಲ್ಲಿ ಡಿಸೈನಿಂಗ್ ಅಂಗಡಿ ಇಟ್ಟವರಿಗೆ ಎರಡು ಕಡೆಯಿಂದ ಕೆಲಸ ಬರುತ್ತದೆ. ಪೀಣ್ಯದ ವರ್ಕ್‌ಶಾಪುಗಳ ಕ್ಯಾಟಲಾಗು, ಲೇಬಲ್ಲು ಒಂದು ಕಡೆ. ಗಣೇಶೋತ್ಸವ, ಅಣ್ಣಮ್ಮ ದೇವಿ ಉತ್ಸವ, ರಾಜ್ಯೋತ್ಸವ, ಹುಟ್ಟುಹಬ್ಬ, ಶ್ರದ್ಧಾಂಜಲಿಯ ಬ್ಯಾನರುಗಳು ಇನ್ನೊಂದು ಕಡೆ. 2018ರಲ್ಲಿ ಹೈಕೋರ್ಟ್ ಗರಂ ಆಗಿ ನಗರದ ಫ್ಲೆಕ್ಸುಗಳನ್ನು ತೆಗೆಸಿದ ಮೇಲೆ ನಮ್ಮಲ್ಲಿ ಬ್ಯಾನರ್ ಕೆಲಸದ ದೊಡ್ಡ ಪಾಲು ವಾಟ್ಸಾಪ್ ಪೋಸ್ಟರಿಗೆ ತಿರುಗಿತು. ಪೋಸ್ಟರ್ ಹತ್ತು ಗ್ರೂಪು ಸುತ್ತಿ ಬರುವಷ್ಟರಲ್ಲಿ ಡಿಸೈನರ್ ಹೆಸರು ಮಾಯವಾಗಿರುತ್ತದೆ. "ನನ್ನ ಕೆಲಸ ಕದ್ದರು, ಕಾಪಿರೈಟ್ ಹಾಕ್ತೀನಿ" ಎಂದು ಹುಡುಗರು ಸಿಟ್ಟಾಗುತ್ತಾರೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಪೋಸ್ಟರಿನಲ್ಲಿರುವ ಫೋಟೊ ತೆಗೆದವರ ಹೆಸರು ಆ ಜಗಳದಲ್ಲಿ ಒಮ್ಮೆಯೂ ಬರುವುದಿಲ್ಲ. ಈ ಪಾಠಗಳನ್ನು ಬರೆಯಲು ಅದೇ ಕಾರಣ.

1. ಫೋಟೊ ಯಾರದೆಂದು ಮೊದಲು ಕೇಳಿ

"ಗೂಗಲ್‌ನಲ್ಲಿ ಇದೆ, ತೆಗೆದು ಹಾಕಿ ಸಾರ್" ಎನ್ನುವುದು ನಮ್ಮ ಗಿರಾಕಿಗಳ ನಿತ್ಯದ ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ ಲೆಕ್ಕದಲ್ಲಿ ಫೋಟೊ ಚೆನ್ನಾಗಿರಲಿ, ಸಾಧಾರಣವಾಗಿರಲಿ, ಅದು ಕಲಾಕೃತಿಯೇ. ಕ್ಯಾಮೆರಾ ಹಿಡಿದು ತೆಗೆದವರೇ ಅದರ ಕರ್ತೃ. ನೋಂದಣಿ ಮಾಡಿಸದಿದ್ದರೂ, ಮೂಲೆಯಲ್ಲಿ ವಾಟರ್‌ಮಾರ್ಕ್ ಇಲ್ಲದಿದ್ದರೂ ಹಕ್ಕು ಇರುತ್ತದೆ. ಕೃತಿಯನ್ನು ಬದಲಾಯಿಸಿ, ಬೇರೆ ರೀತಿ ಜೋಡಿಸಿ ಬಳಸುವುದಕ್ಕೂ ಹಕ್ಕುದಾರರ ಒಪ್ಪಿಗೆ ಬೇಕು. ನಾವು ದಿನವಿಡೀ ಮಾಡುವುದು ಅದನ್ನೇ.

2. ಸೇರಿಸಿದ್ದು ನಿಮ್ಮದು, ಸಿಕ್ಕಿದ್ದು ನಿಮ್ಮದಲ್ಲ

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ನಮ್ಮ ಕಡೆಯ ಅಂಗಡಿಗಳಲ್ಲಿ ರಾತ್ರಿಯಿಡೀ ದೀಪ ಆರಲಿಲ್ಲ. ಅಂಥ ಒಂದು ಶ್ರದ್ಧಾಂಜಲಿ ಪೋಸ್ಟರಿನ ಫೈಲನ್ನೇ ತೆರೆದು ನೋಡಿ. ಅಪ್ಪು ನಗುಮುಖವನ್ನು ಪೆನ್ ಟೂಲ್‌ನಲ್ಲಿ ಕತ್ತರಿಸಿ, ಹಣೆಯ ಮೇಲಿನ ಕೂದಲನ್ನು ಎಳೆಎಳೆಯಾಗಿ ಮಾಸ್ಕ್ ಮಾಡಿರುತ್ತಾರೆ. ಹಿಂದೆ ಮೋಡದ ಆಕಾಶ, ಎರಡು ಪಾರಿವಾಳ, ಮಸುಕಾಗಿ ಅಣ್ಣಾವ್ರು. ಕುತ್ತಿಗೆಯ ಕೆಳಗಿನ ನೆರಳನ್ನು ಆಕಾಶದ ಬೆಳಕಿಗೆ ಹೊಂದಿಸಲು ಗಂಟೆಗಟ್ಟಲೆ ಕೂತಿರುತ್ತಾರೆ. ಈಗ ಲೇಯರುಗಳನ್ನು ಒಂದೊಂದಾಗಿ ಆರಿಸುತ್ತ ಹೋಗಿ. ಮುಖ ಯಾರೋ ತೆಗೆದದ್ದು. ಆಕಾಶ ಸ್ಟಾಕ್ ಸೈಟಿನದು. ಪಾರಿವಾಳ ಇನ್ನೊಬ್ಬರದು. ಕೊನೆಗೆ ಉಳಿಯುವುದು ಅಕ್ಷರ, ಬಣ್ಣದ ಹದ, ಬೆಳಕು, ಇವೆಲ್ಲವನ್ನೂ ಒಂದು ಚೌಕಟ್ಟಿನೊಳಗೆ ಕೂರಿಸಿದ ಕಣ್ಣು.

ಅದು ಸಣ್ಣದಲ್ಲ. ಅದರ ಮೇಲೆ ನಿಮಗೆ ಹಕ್ಕಿದೆ. ಆ ನಗುವನ್ನು ಹಿಡಿದ ಕ್ಷಣದ ಮೇಲೆ ಇಲ್ಲ. ಬೇರೆಯವರ ಸೈಟಿನಲ್ಲಿ ಮನೆ ಕಟ್ಟಿದಂತೆ ಇದು: ಗೋಡೆ ನಿಮ್ಮದಾದರೂ ನೆಲ ನಿಮ್ಮದಾಗದು. ಡಾ. ರಾಜ್ ಮುಖ ನಮ್ಮ ಕಣ್ಣಲ್ಲಿ ಹೀಗೆ ನಿಂತಿರುವುದರಲ್ಲಿ ಭವಾನಿ ಲಕ್ಷ್ಮೀನಾರಾಯಣ, ಪ್ರಗತಿ ಅಶ್ವತ್ಥನಾರಾಯಣರಂಥ ಸ್ಥಿರಛಾಯಾಗ್ರಾಹಕರ ಪಾಲು ದೊಡ್ಡದು. ಅಣ್ಣಾವ್ರ ಪೋಸ್ಟರ್ ಮಾಡುವವರಲ್ಲಿ ಆ ಹೆಸರುಗಳನ್ನು ಕೇಳಿದವರೇ ಕಡಿಮೆ ಎನ್ನುವುದು ನನಗೆ ನಿಜಕ್ಕೂ ಸಂಕಟದ ವಿಷಯ.

3. ನಿದ್ದೆಗೆಟ್ಟ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ

ಈಸ್ಟರ್ನ್ ಬುಕ್ ಕಂಪನಿ ಮತ್ತು ಡಿ. ಬಿ. ಮೋದಕ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2007ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ನ್ಯಾಯಾಲಯದ ತೀರ್ಪುಗಳನ್ನು ತಿದ್ದಿ ಅಚ್ಚು ಹಾಕಿದವರಿಗೆ ಎಷ್ಟು ಹಕ್ಕು ಎಂಬುದು ಅಲ್ಲಿನ ಪ್ರಶ್ನೆ. ದುಡಿಮೆ, ಖರ್ಚು ಮಾತ್ರ ಸಾಲದು, ಸ್ವಲ್ಪವಾದರೂ ಸ್ವಂತ ಸೃಜನಶೀಲತೆ ಕಾಣಬೇಕು ಎಂದಿತು ಕೋರ್ಟು. ನಮ್ಮ ಕೆಲಸಕ್ಕೂ ಇದೇ ಅಳತೆಗೋಲು. ಹಿನ್ನೆಲೆ ತೆಗೆದು ಬಿಳಿ ಮಾಡುವುದು, ಮಬ್ಬಾದ ಫೋಟೊ ಬೆಳಗಿಸುವುದು, ಸೈಜ್ ಬದಲಾಯಿಸುವುದು ಕೂಲಿಯ ಕೆಲಸ. ಕೂಲಿ ಕೇಳಿ ಪಡೆಯಿರಿ, ಕಾಪಿರೈಟ್ ಕೇಳಬೇಡಿ.

4. ಕ್ಯಾಟಲಾಗಿನಲ್ಲಿ ಸುಳ್ಳು ಬೇಗ ಸಿಕ್ಕಿಬೀಳುತ್ತದೆ

ಪೀಣ್ಯದ ವರ್ಕ್‌ಶಾಪಿನವರು ಇನ್ನೊಂದು ಕಂಪನಿಯ ವೆಬ್‌ಸೈಟಿನಿಂದ ಹಿತ್ತಾಳೆ ಬುಷ್‌ನ ಫೋಟೊ ಇಳಿಸಿ, "ಲೋಗೊ ಅಳಿಸಿ ನಮ್ಮದು ಹಾಕಿ" ಎಂದು ಕೊಡುತ್ತಾರೆ. ಲೋಗೊ ಅಳಿಸಬಹುದು. ಆದರೆ ಹೊಳೆಯುವ ಲೋಹದ ಮೈಮೇಲೆ ಆ ಸ್ಟುಡಿಯೋದ ಲೈಟುಗಳ ಪ್ರತಿಬಿಂಬ ಹಾಗೇ ಉಳಿದಿರುತ್ತದೆ. ಚೇಂಫರಿನ ಅಂಚು, ಲೇತ್ ಟೂಲ್ ಬಿಟ್ಟ ಸಣ್ಣ ಗೆರೆ ಕೂಡ ಹಾಗೆಯೇ. ಆ ಪಾರ್ಟ್ ಮಾಡಿದವರು ಒಂದೇ ನೋಟಕ್ಕೆ ಗುರುತಿಸುತ್ತಾರೆ. ಗೊತ್ತಿದ್ದೂ ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ ಕಾಯ್ದೆಯ 63ನೇ ಕಲಂ. ಇಷ್ಟಕ್ಕೂ ನಮ್ಮ ವರ್ಕ್‌ಶಾಪಿನವರದೇ ಪಾರ್ಟ್ ಅವರ ಶೆಡ್ಡಿನಲ್ಲೇ ಬಿದ್ದಿರುತ್ತದೆ. ಒರೆಸಿ, ಬಿಳಿ ಡ್ರಾಯಿಂಗ್ ಶೀಟಿನ ಮೇಲಿಟ್ಟು, ಕಿಟಕಿ ಬೆಳಕಿನಲ್ಲಿ ಮೊಬೈಲಿನಿಂದ ತೆಗೆದರೂ ಮರ್ಯಾದೆಯ ಕ್ಯಾಟಲಾಗ್ ಆಗುತ್ತದೆ. ನಾನು ಈಗ ಹೀಗೇ ಮಾಡಿಸುವುದು.

5. ಮನೆಯ ಫೋಟೊ ಬೇರೆ ಲೆಕ್ಕ

ದುಡ್ಡು ಕೊಟ್ಟು ಸ್ಟುಡಿಯೋದವರಿಂದ ತೆಗೆಸಿದ ಫೋಟೊಗೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಆದ್ದರಿಂದ ಅಜ್ಜನ ಹರಿದ ಫೋಟೊ ತಂದು ಸರಿಮಾಡಿಕೊಡಿ ಎಂದವರಿಗೆ ಧೈರ್ಯವಾಗಿ ಮಾಡಿಕೊಡಿ. ಮಾಡಿಕೊಟ್ಟ ಮೇಲೆ ಅಂಗಡಿ ಮುಂದೆ ಸ್ಯಾಂಪಲ್ ಅಂತ ಹಾಕಬೇಕಾದರೆ ಮಾತ್ರ ಮನೆಯವರನ್ನು ಕೇಳಿ.

6. "ಸ್ಟೈಲ್ ಪೂರ್ತಿ ಬದಲಾಯಿಸಿದ್ದೇನೆ" ಎಂಬ ವಾದ ಕೈ ಹಿಡಿಯುವುದು ಕಷ್ಟ

ಗಾಯಕ ಪ್ರಿನ್ಸ್ ಅವರ ಫೋಟೊವನ್ನು 1981ರಲ್ಲಿ ತೆಗೆದವರು ಲಿನ್ ಗೋಲ್ಡ್‌ಸ್ಮಿತ್. ಅದರ ಮೇಲೆ ಜಗದ್ವಿಖ್ಯಾತ ಕಲಾವಿದ ಆ್ಯಂಡಿ ವಾರ್ಹೊಲ್ ಬಣ್ಣದ ಚಿತ್ರಗಳನ್ನು ಮಾಡಿದರು. 2016ರಲ್ಲಿ ಅದರಲ್ಲೊಂದನ್ನು ಪತ್ರಿಕಾ ಸಂಸ್ಥೆಯೊಂದು 10,000 ಡಾಲರ್ ಕೊಟ್ಟು ಮುಖಪುಟಕ್ಕೆ ಬಳಸಿತು. ಗೋಲ್ಡ್‌ಸ್ಮಿತ್‌ಗೆ ಚಿಕ್ಕಾಸೂ ಬರಲಿಲ್ಲ. 2023ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2ರಿಂದ ಆಕೆಯ ಪರ ನಿಂತಿತು. ಅದು ಅಲ್ಲಿನ ಕಾನೂನು, ನಿಜ. ಆದರೆ ವಾರ್ಹೊಲ್ ಹೆಸರಿಗೇ ಸಿಗದ ರಿಯಾಯಿತಿಯನ್ನು ಒಂದು ಫಿಲ್ಟರ್ ಒತ್ತಿದವರು ನೆಚ್ಚಿಕೊಳ್ಳಬಾರದು.

7. ಪೂರ್ತಿ ಸ್ವಂತದ್ದಾದರೆ ಗಟ್ಟಿಯಾಗಿ ಹಿಡಿದುಕೊಳ್ಳಿ

ಕಾಸರಗೋಡು ಜಿಲ್ಲೆಯ ಕುಂಬಳೆಯ ಕರಣ್ ಆಚಾರ್ಯ 2015ರಲ್ಲಿ ಊರಿನ ಹುಡುಗರ ಧ್ವಜಕ್ಕೆಂದು ಬಿಡಿಸಿಕೊಟ್ಟ ಕೇಸರಿ–ಕಪ್ಪು ಹನುಮಂತನ ಮುಖ ಬೆಂಗಳೂರಿನ ಕಾರುಗಳ ಹಿಂಗಾಜಿನ ಮೇಲೆಲ್ಲ ಬಂದು ಕೂತಿತು. ಸ್ಟಿಕ್ಕರ್, ಟೀ ಶರ್ಟ್ ಮಾರಿದವರು ಲೆಕ್ಕವಿಲ್ಲದಷ್ಟು ಜನ. ಕೈಯಾರೆ ಬಿಡಿಸಿದ ಇಂಥ ಚಿತ್ರಕ್ಕೆ ದಾಖಲೆ ಇಟ್ಟುಕೊಳ್ಳಿ: ಪೆನ್ಸಿಲ್ ಸ್ಕೆಚ್, ಲೇಯರ್ ಇರುವ ಮೂಲ ಫೈಲು, ಕಳಿಸಿದ ಮೇಲ್. ಕಲಾಕೃತಿಯ ನೋಂದಣಿಗೆ ಶುಲ್ಕ 500 ರೂಪಾಯಿ. ಸರಕಿನ ಮೇಲೆ ಬಳಸುವ ಚಿತ್ರವಾದರೆ 2,000.

8. ದೂರು ಕೊಡುವಾಗ ಅಳತೆ ಮೀರಬೇಡಿ

"ಈ ಚಿತ್ರ ನನ್ನದು" ಎಂದು ಬರೆಯುವ ಬದಲು "ಇದರ ವಿನ್ಯಾಸ, ಅಕ್ಷರ, ಹಿನ್ನೆಲೆ ನನ್ನದು, ಫೋಟೊ ಇಂಥವರದು, ಅವರ ಒಪ್ಪಿಗೆ ಪಡೆದಿದ್ದೇನೆ" ಎಂದು ಬರೆಯಿರಿ. ಆಧಾರವಿಲ್ಲದೆ ಕಾಪಿರೈಟ್ ಬೆದರಿಕೆ ಹಾಕಿದವರ ಮೇಲೆಯೇ ದಾವೆ ಹೂಡಲು 60ನೇ ಕಲಂ ದಾರಿ ಕೊಡುತ್ತದೆ. ಒಪ್ಪಿಗೆ ಬರವಣಿಗೆಯಲ್ಲಿರಲಿ. ಹಕ್ಕನ್ನೇ ಬರೆಸಿಕೊಳ್ಳುವುದಾದರೆ ಸಹಿ ಬೇಕು, ಅವಧಿಯನ್ನೂ ಬರೆಸಿ. ಬರೆಯದಿದ್ದರೆ ಐದು ವರ್ಷ ಎಂದೇ ಕಾಯ್ದೆ ಲೆಕ್ಕ ಹಾಕುತ್ತದೆ.

ನಮ್ಮ ಬೀದಿಯ ಡಿಸೈನರುಗಳಲ್ಲಿ ನನ್ನ ಕೋರಿಕೆ ಇಷ್ಟೆ. ಪೋಸ್ಟರಿನ ಬಲ ಮೂಲೆಯಲ್ಲಿ ಅಂಗಡಿಯ ಹೆಸರು, ಮೊಬೈಲ್ ನಂಬರ್ ಹಾಕುತ್ತೀರಲ್ಲ, ಮುಂದಿನ ಕೆಲಸದಿಂದಲೇ ಅದರ ಪಕ್ಕದಲ್ಲಿ ಫೋಟೊ ತೆಗೆದವರ ಹೆಸರನ್ನೂ ಹಾಕಿ. ಹೆಸರು ಹಾಕಿದ ಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ, ಅದಕ್ಕೊಂದು ಫೋನನ್ನೂ ಮಾಡಿ.