ಕಣ್ಣೀರು ಬಾರದ ಪ್ರಾರ್ಥನೆ

ಪ್ರಿಯ ತಮ್ಮನಿಗೆ,

ಉಜ್ಜೀವನ ಕೂಟದಲ್ಲಿ ಸುತ್ತಲಿನವರೆಲ್ಲ ಬಿಕ್ಕಿ ಬಿಕ್ಕಿ ಅಳುವಾಗ ನಿನಗೆ ಮಾತ್ರ ಒಂದು ಹನಿಯೂ ಬರಲಿಲ್ಲ, ಎದೆ ಕಲ್ಲಾಯಿತೇನೋ ಎಂದು ಬರೆದಿದ್ದೀಯ. ಅಳು ಬಂದರೆ ಅಳು, ಬಾರದಿದ್ದರೆ ಬಿಡು. ಸಮುವೇಲನ ಪುಸ್ತಕಗಳಲ್ಲಿ ಇಬ್ಬರು ಅರಸರು ತಪ್ಪೊಪ್ಪಿಕೊಳ್ಳುತ್ತಾರೆ. ಆ ಎರಡು ಪ್ರಸಂಗಗಳನ್ನೂ ಒಂದೇ ಸಂಜೆ ಕೂತು ಓದು.

ಅಮಾಲೇಕ್ಯರ ದನಕುರಿ ಒಂದನ್ನೂ ಉಳಿಸಬಾರದೆಂದು ಸೌಲನಿಗೆ ಆಜ್ಞೆಯಾಗಿತ್ತು. (ಆ ಆಜ್ಞೆಯೇ ನನ್ನನ್ನು ಕಲಕುತ್ತದೆ. ಅದರ ಮಾತು ಇನ್ನೊಂದು ಪತ್ರಕ್ಕಿರಲಿ.) ಕೊಬ್ಬಿದವು ಉಳಿದವು. ಪ್ರವಾದಿ ಸಮುವೇಲ ಕೇಳಿದರೆ, ಉಳಿಸಿದವರು ಜನ, ಅದೂ ದೇವರಿಗೆ ಬಲಿಕೊಡಲು ಎಂದ. ಇನ್ನೂ ಒತ್ತಿದಾಗ ಪಾಪವನ್ನು ಒಪ್ಪಿಕೊಂಡ, ಜನರಿಗೆ ಹೆದರಿದ್ದೆ ಎಂದೂ ಸೇರಿಸಿದ. ಕೊನೆಗೆ ಬೇಡಿದ್ದು, ಹಿರಿಯರೆದುರು ತನ್ನ ಮರ್ಯಾದೆ ಕಾಯಬೇಕೆಂದು!

ದಾವೀದನ ಪಾಪ ಇನ್ನೂ ಘೋರ. ತನ್ನ ಸೈನಿಕ ಊರೀಯನ ಹೆಂಡತಿಯನ್ನು ಕರೆಸಿಕೊಂಡ, ಊರೀಯನನ್ನು ಸಾಯಿಸಬೇಕೆಂಬ ಪತ್ರವನ್ನು ಊರೀಯನ ಕೈಯಲ್ಲೇ ಕೊಟ್ಟು ಕಳಿಸಿದ. ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಸಾಹುಕಾರನ ಕಥೆಯನ್ನು ಪ್ರವಾದಿ ನಾತಾನ ಹೇಳಿದಾಗ ಕೆರಳಿ, ನಾಲ್ಕರಷ್ಟು ಕೊಡಿಸಬೇಕೆಂದ. ಆ ಮನುಷ್ಯ ನೀನೇ ಎಂದು ನಾತಾನ ಅಂದದ್ದೇ ತಡ, ದೇವರೆದುರು ತಪ್ಪಿದೆನೆಂಬ ಒಂದೇ ಸಾಲು. ಯುದ್ಧದಲ್ಲಿ ಸಾವು ಇದ್ದದ್ದೇ ಎಂದು ಹಿಂದೆ ಸೇನಾಪತಿ ಯೋವಾಬನಿಗೆ ಹೇಳಿ ಕಳಿಸಿದವನು ಈಗ ಆ ನೆವ ಎತ್ತಲಿಲ್ಲ. 51ನೆಯ ಕೀರ್ತನೆಯ ತಲೆಬರಹ ಈ ಪ್ರಸಂಗವನ್ನೇ ಹೇಳುತ್ತದೆ. ಕ್ಷಮೆಯ ಮಾತು ಅಲ್ಲೇ ಸಿಕ್ಕಿತು. ಆದರೂ ಊರೀಯನ ಹೆಂಡತಿಯಲ್ಲಿ ಅವನಿಗೆ ಹುಟ್ಟಿದ ಮಗು ಏಳನೆಯ ದಿನ ತೀರಿಕೊಂಡಿತು. ಅಲ್ಲಿಯವರೆಗೆ ನೆಲ ಹಿಡಿದು ಉಪವಾಸವಿದ್ದವನು ಎದ್ದು ಸ್ನಾನ ಮಾಡಿ, ಯೆಹೋವನ ಮಂದಿರದಲ್ಲಿ ಅಡ್ಡಬಿದ್ದು, ಮನೆಗೆ ಬಂದು ಉಂಡ. ದೀನತೆ ನನಗೆ ಆ ಊಟದಲ್ಲಿ ಕಾಣುತ್ತದೆ. ದೇವರ ತೀರ್ಪಿನ ಮೇಲೆ ತನ್ನದೊಂದು ಶಿಕ್ಷೆಯನ್ನು ಹೇರಿಕೊಳ್ಳುವ ಹಟ ಅವನಿಗಿರಲಿಲ್ಲ.

ಈಗ ನಿನ್ನ ಪತ್ರ. ನೀನು ಗೆಳೆಯನಿಗೆ ಹಿಂದಿರುಗಿಸದ ಹಣದ ವಿಷಯ ಎರಡೇ ಸಾಲು. ಮಿಕ್ಕ ಪುಟವೆಲ್ಲ ಅಂದಿನ ನಿನ್ನ ಕಷ್ಟಗಳ ವರದಿ. ಬೇಜಾರಾಗಬೇಡ, ಓದುವಾಗ ಸೌಲ ನೆನಪಾದ. ಸುಂಕದವನಾದ ಜಕ್ಕಾಯ ಅತ್ತನೆಂದು ಲೂಕ ಬರೆದಿಲ್ಲ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಬಂದದ್ದಕ್ಕೆ ನಾಲ್ಕರಷ್ಟು ಎಂದು ಲೆಕ್ಕ ಹೇಳಿದನೆಂದು ಬರೆದಿದ್ದಾನೆ. ನಿನ್ನಿಂದ ನಾಲ್ಕರಷ್ಟನ್ನು ಯಾರೂ ಕೇಳುತ್ತಿಲ್ಲ. ಸಂಬಳ ಬಂದ ದಿನವೇ ಅಸಲನ್ನು ತೆಗೆದಿಡು. ಫೋನಿನಲ್ಲಿ ಕಳಿಸಿ ಕೈತೊಳೆದುಕೊಳ್ಳದೆ ಅವನ ಮನೆಗೆ ಹೋಗು. ಕಾರಣ ಹೇಳಲು ನಾಲಿಗೆ ತವಕಿಸುತ್ತದೆ, ತಡೆದುಕೋ. ಅವನು ಕ್ಷಮಿಸದೆಯೂ ಇರಬಹುದು. ಅದು ಅವನಿಗೆ ಬಿಟ್ಟದ್ದು. ಬರುವ ತಿಂಗಳ ಕರ್ತನ ಭೋಜನಕ್ಕೆ ಮೊದಲೇ ಹೋಗಿ ಬಂದು, ಏನಾಯಿತೆಂದು ಬರೆ.

ನಿನ್ನ ಅಣ್ಣ