ನೋಡದೆ ಸಹಿ ಹಾಕಬೇಡ

ಮೇಂಟೆನೆನ್ಸ್ ಸೆಕ್ಷನ್‌ಗೆ ಹಾಕಿದ್ದಾರೆ ಅಂತ ಹೇಳುವಾಗ ನಿನ್ನ ಮುಖ ಸಪ್ಪಗಾದದ್ದನ್ನು ಗಮನಿಸಿದೆ. ಪ್ರೊಡಕ್ಷನ್‌ನವರಿಗೆ ಟಾರ್ಗೆಟ್ ಇದೆ, ಡಿಸೈನ್‌ನವರಿಗೆ ಹೆಸರಿದೆ, ನನಗೆ ಸಿಕ್ಕಿದ್ದು ಗ್ರೀಸು, ಎಣ್ಣೆ, ಬೈಗುಳ ಅಂತ ನಿನಗೆ ಅನ್ನಿಸಿರಬೇಕು. ನೋಡಪ್ಪ, ಪೀಣ್ಯದ ಶೆಡ್ಡುಗಳಲ್ಲಿ ಇದೇ ಕೆಲಸ ಮಾಡಿ ತಲೆ ನೆರೆಸಿಕೊಂಡವನು ನಾನು. ಸೋಮವಾರ ನೀನು ಗೇಟಿನೊಳಗೆ ಕಾಲಿಡುವ ಮೊದಲು ಹೇಳಬೇಕಾದದ್ದನ್ನು ಹೇಳಿಬಿಡುತ್ತೇನೆ.

ನೀನು ಯಲಹಂಕದ ಹುಡುಗ. ನಿಮ್ಮ ಕಡೆಯ ರೈಲು ಗಾಲಿ ಕಾರ್ಖಾನೆ 1984ರಲ್ಲಿ ಶುರುವಾದಾಗ ಅದಕ್ಕೆ ವೀಲ್ ಅಂಡ್ ಆಕ್ಸಲ್ ಪ್ಲಾಂಟ್ ಅಂತ ಹೆಸರು. ಬೋರ್ಡು ಬದಲಾಗಿ ವರ್ಷಗಳಾದರೂ ನಮ್ಮ ವಯಸ್ಸಿನವರ ಬಾಯಲ್ಲಿ ಹಳೆಯ ಹೆಸರೇ ಇದೆ. ಅಲ್ಲಿ ಸವೆದ ಗಾಲಿ, ಗುಜರಿ ಕಬ್ಬಿಣವನ್ನು ಆರ್ಕ್ ಫರ್ನೇಸಿನಲ್ಲಿ ಕರಗಿಸುತ್ತಾರೆ. ಕರಗಿದ ಉಕ್ಕನ್ನು ಮೇಲಿನಿಂದ ಸುರಿಯುವುದಿಲ್ಲ. ಗಾಳಿಯ ಒತ್ತಡ ಕೊಟ್ಟು ಕೊಳವೆಯ ಮೂಲಕ ಕೆಳಗಿನಿಂದ ಮೇಲಕ್ಕೆ, ಗ್ರ್ಯಾಫೈಟ್ ಅಚ್ಚಿನೊಳಗೆ ಏರಿಸುತ್ತಾರೆ. ಹಾಗೆ ಮಾಡಿದರೆ ಉಕ್ಕು ಕಲಕದೆ ತುಂಬಿಕೊಳ್ಳುತ್ತದೆ, ಕಲ್ಮಶ ಸೇರಿಕೊಳ್ಳುವುದು ಕಡಿಮೆ. ಇಷ್ಟು ನಾಜೂಕಾಗಿ ಮಾಡಿದ ಗಾಲಿಯನ್ನೂ ಅಲ್ಲಿ ಯಾರೂ ಕಣ್ಣುಮುಚ್ಚಿ ನಂಬುವುದಿಲ್ಲ. ಕಾಂತದ ಪುಡಿ ಹಾಕಿ ಮೇಲ್ಮೈಯ ಬಿರುಕು ಹುಡುಕುತ್ತಾರೆ, ಅಲ್ಟ್ರಾಸಾನಿಕ್ ಹಾಯಿಸಿ ಒಳಗಿನ ದೋಷ ನೋಡುತ್ತಾರೆ.

ಯಾಕೆ ಅಷ್ಟು ಎಚ್ಚರ ಅಂತೀಯಾ? ಗೂಡ್ಸ್ ಬೋಗಿಯ ಗಾಲಿಗೆ ಹತ್ತಿರ ಹತ್ತಿರ ಒಂದು ಮೀಟರ್ ವ್ಯಾಸ. ಒಂದು ಕಿಲೋಮೀಟರಿಗೆ ಮುನ್ನೂರಕ್ಕೂ ಹೆಚ್ಚು ಸುತ್ತು. ಯಶವಂತಪುರದಿಂದ ಹೊರಟು ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಸುಮಾರು ಒಂದೂವರೆ ಲಕ್ಷ ಸುತ್ತು. ಬೋಗಿಯ ಭಾರ ಹೊತ್ತ ಆಕ್ಸಲ್ ಕಣ್ಣಿಗೆ ಕಾಣದಷ್ಟು ಬಾಗಿರುತ್ತದೆ. ಹಾಗಾಗಿ ಒಂದೊಂದು ಸುತ್ತಿನಲ್ಲೂ ಅದರ ಮೈಯ ಒಂದೊಂದು ಬಿಂದು ಒಮ್ಮೆ ಎಳೆತಕ್ಕೆ, ಒಮ್ಮೆ ಒತ್ತಡಕ್ಕೆ ಸಿಕ್ಕುತ್ತದೆ. 1842ರಲ್ಲಿ ಫ್ರಾನ್ಸಿನ ವರ್ಸೇಲ್ಸ್ ಹತ್ತಿರ ಇಂಜಿನ್ನಿನ ಆಕ್ಸಲ್ ತುಂಡಾಗಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಗಟ್ಟಿಮುಟ್ಟಾಗಿ ಕಾಣುತ್ತಿದ್ದ ಕಬ್ಬಿಣ ಏಕೆ ಮುರಿಯಿತು ಎಂಬ ಪ್ರಶ್ನೆಯ ಬೆನ್ನು ಹತ್ತಿದವರಲ್ಲಿ ಆಗಸ್ಟ್ ವ್ಯೋಲರ್ ಎಂಬ ಜರ್ಮನ್ ಇಂಜಿನಿಯರ್ ದೊಡ್ಡವನು. ಅವನು ಆಕ್ಸಲ್‌ಗಳನ್ನು ಯಂತ್ರಕ್ಕೆ ಕಟ್ಟಿ, ಮುರಿಯುವವರೆಗೆ ತಿರುಗಿಸಿ ತಿರುಗಿಸಿ ಲೆಕ್ಕ ಬರೆದಿಟ್ಟ. ಒಂದೇ ಏಟಿಗೆ ಮುರಿಯದ ಲೋಹ, ಅದಕ್ಕಿಂತ ಎಷ್ಟೋ ಕಡಿಮೆ ಭಾರ ಮತ್ತೆ ಮತ್ತೆ ಬಿದ್ದಾಗ ಮುರಿಯುತ್ತದೆ ಎಂದು ತೋರಿಸಿದ. ನಿನ್ನ ಶಾಪಿನಲ್ಲಿ ತಿರುಗುವ ಪ್ರತಿ ಶಾಫ್ಟಿಗೂ ಈ ಮಾತು ಅನ್ವಯಿಸುತ್ತದೆ.

ಈಗ ಇನ್ನೊಂದು ಗಾಲಿಯ ಕಥೆ ಕೇಳು. ಇದನ್ನು ನೀನು ಮರೆಯಬಾರದು. 1998ರ ಜೂನ್ 3, ಜರ್ಮನಿಯ ಎಶೆಡೆ ಎಂಬ ಊರು. ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದ ಐಸಿಇ ರೈಲಿನ ಒಂದು ಗಾಲಿಯ ಹೊರಪಟ್ಟಿ ಬಿರಿಯಿತು. ರೈಲು ಹಳಿ ತಪ್ಪಿ ಸೇತುವೆಯ ಕಂಬಕ್ಕೆ ಬಡಿಯಿತು, 101 ಜನ ಸತ್ತರು. ಆ ಗಾಲಿ ನಮ್ಮ ಯಲಹಂಕದ ಗಾಲಿಯಂತೆ ಒಂದೇ ಎರಕದ್ದಲ್ಲ. ಒಳಗೆ ಚಕ್ರ, ನಡುವೆ ರಬ್ಬರ್, ಹೊರಗೆ ಉಕ್ಕಿನ ಪಟ್ಟಿ. ಬಿರುಕು ಹುಟ್ಟಿದ್ದು ಪಟ್ಟಿಯ ಒಳಮೈಯಲ್ಲಿ, ಹೊರಗಿನಿಂದ ಕಾಣದ ಜಾಗದಲ್ಲಿ. ಆದರೆ ನನ್ನ ಎದೆ ಹಿಂಡುವ ಸಂಗತಿ ಇದಲ್ಲ. ಅಪಘಾತಕ್ಕೆ ಮುಂಚಿನ ಎರಡು ತಿಂಗಳಲ್ಲಿ ಆ ಬೋಗಿಯಿಂದ ಸದ್ದು ಬರುತ್ತಿದೆ, ನಡುಕ ಬರುತ್ತಿದೆ ಎಂದು ರೈಲಿನ ಸಿಬ್ಬಂದಿ ಎಂಟು ಸಲ ದೂರು ಕೊಟ್ಟಿದ್ದರು. ಗಾಲಿ ಬದಲಾಗಲಿಲ್ಲ.

ಯಂತ್ರ ಹೇಳಿತ್ತು, ಮನುಷ್ಯರೂ ಹೇಳಿದ್ದರು. ಹೇಳಿದ ಮಾತು ಗಾಲಿ ಬಿಚ್ಚುವ ಕೈಯವರೆಗೆ ತಲುಪಲಿಲ್ಲ. ನಮ್ಮ ಕೆಲಸ ಎಂದರೆ ಪೂರ್ತಿ ಇಷ್ಟೇ ಕಣಪ್ಪ: ಯಂತ್ರ ಹೇಳಿದ್ದನ್ನು ಕೇಳಿಸಿಕೊಳ್ಳುವುದು, ಅದನ್ನು ಕೆಡಿಸದೆ ಮುಂದಿನವನಿಗೆ ಮುಟ್ಟಿಸುವುದು. ಸ್ಪ್ಯಾನರ್ ಹಿಡಿಯುವುದು ಆಮೇಲಿನ ಮಾತು.

ಆದ್ದರಿಂದ ಚೆಕ್‌ಲಿಸ್ಟ್ ಕೈಗೆ ಬಂದಾಗ ನೋಡದೆ ಟಿಕ್ ಹಾಕಬೇಡ. ಹಾಗೆ ಮಾಡುವವರು ಪ್ರತಿ ಕಾರ್ಖಾನೆಯಲ್ಲೂ ಸಿಗುತ್ತಾರೆ. ಶಿಫ್ಟ್ ಮುಗಿಯುವ ಹೊತ್ತಿಗೆ ಕ್ಯಾಂಟೀನಿನಲ್ಲಿ ಕೂತು, ಒಂದೇ ಪೆನ್ನಿನಲ್ಲಿ, ಇಪ್ಪತ್ತು ಯಂತ್ರಕ್ಕೂ ‘ಓಕೆ’ ಬರೆದುಬಿಡುತ್ತಾರೆ. ಅವರು ಕೆಟ್ಟವರಲ್ಲ, ಬರೆದದ್ದನ್ನು ಯಾರೂ ಓದುವುದಿಲ್ಲ ಎಂದು ಅವರಿಗೆ ಅನುಭವ ಕಲಿಸಿರುತ್ತದೆ. ನೀನು ಅವರ ಜೊತೆ ಜಗಳಕ್ಕೆ ಹೋಗಬೇಡ. ನಿನ್ನ ಹಾಳೆಯಲ್ಲಿ ‘ಓಕೆ’ ಅನ್ನುವ ಬದಲು ಅಂಕಿ ಬರೆ. ಬೇರಿಂಗಿನ ಬಿಸಿ ಎಷ್ಟು ಡಿಗ್ರಿ, ವೈಬ್ರೇಶನ್ ಎಷ್ಟು, ಎಣ್ಣೆಯ ಮಟ್ಟ ಗಾಜಿನಲ್ಲಿ ಎಲ್ಲಿದೆ. ಹೋದ ತಿಂಗಳು ಸೆಕೆಂಡಿಗೆ 1.8 ಮಿಲಿಮೀಟರ್ ಇದ್ದ ನಡುಕ ಈ ತಿಂಗಳು 2.9 ಆಗಿದ್ದರೆ, ಎರಡೂ ಮಿತಿಯ ಒಳಗೇ ಇರಬಹುದು, ಎರಡು ಕಡೆಯೂ ‘ಓಕೆ’ ಎಂದೇ ಬರೆಯಬಹುದು. ಏರುತ್ತಿದೆ ಎಂಬ ಸುದ್ದಿ ಅಂಕಿ ಬರೆದವನಿಗೆ ಮಾತ್ರ ಸಿಗುತ್ತದೆ. ನೋಡಲು ಆಗದಿದ್ದ ದಿನ ‘ನೋಡಲಿಲ್ಲ’ ಅಂತಲೇ ಬರೆ. ಸೂಪರ್‌ವೈಸರ್ ಒಂದು ದಿನ ಗದರಬಹುದು, ಗದರಲಿ. ಖಾಲಿ ಬಿಟ್ಟ ಜಾಗ ಯಾರನ್ನೂ ದಾರಿ ತಪ್ಪಿಸುವುದಿಲ್ಲ, ಸುಳ್ಳು ಟಿಕ್ ತಪ್ಪಿಸುತ್ತದೆ.

ಕೇಳಿಸಿಕೊಳ್ಳುವುದು ಹೇಗೆ ಅಂತ ಒಂದು ಪಂಪಿನ ಮುಂದೆ ನಿಂತು ಹೇಳುತ್ತೇನೆ. ಕೂಲಿಂಗ್ ಟವರಿನ ನೀರು ತಳ್ಳುವ ಪಂಪು, ನಿಮಿಷಕ್ಕೆ 1,440 ಸುತ್ತು ತಿರುಗುವ ಮೋಟಾರು. ಮೊದಲು ಸುಮ್ಮನೆ ಒಂದು ನಿಮಿಷ ನಿಲ್ಲು. ಕಪ್ಲಿಂಗಿನ ಗಾರ್ಡ್ ಇದೆಯೋ ನೋಡು. ನಿನ್ನ ಅಂಗಿಯ ತೋಳು ಸಡಿಲವಿರಬಾರದು. ಆಮೇಲೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಮನೆಯ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೋ. ಒಳ್ಳೆಯ ಬೇರಿಂಗ್ ಒಂದೇ ಸಮನೆ ಗುಂಯ್‌ಗುಡುತ್ತದೆ. ಗುಂಡಿನ ದಾರಿಯಲ್ಲಿ ಸಣ್ಣ ಗುಳಿ ಬಿದ್ದಿದ್ದರೆ ಆ ಸದ್ದಿನೊಳಗೆ ಟಿಕ್‌ಟಿಕ್ ಅನ್ನುವ ಇನ್ನೊಂದು ಸದ್ದು ಸೇರಿರುತ್ತದೆ. ಸದ್ದು ಬಂತೆಂದು ತಕ್ಷಣ ಗ್ರೀಸ್ ಗನ್ ಎತ್ತಿಕೊಳ್ಳಬೇಡ. ಗ್ರೀಸ್ ಹೆಚ್ಚಾದರೆ ಗುಂಡುಗಳು ಅದನ್ನೇ ಕಡೆಯುತ್ತಾ ಕೂರುತ್ತವೆ, ಬಿಸಿ ಏರುತ್ತದೆ, ಬೇರಿಂಗ್ ಇನ್ನೂ ಬೇಗ ಹೋಗುತ್ತದೆ. ನಿಪ್ಪಲ್ ಒರೆಸದೆ ಗನ್ ಚುಚ್ಚಿದರೆ ಅದರ ಮೇಲಿನ ಧೂಳೆಲ್ಲ ಒಳಗೆ. ಲಿಥಿಯಂ ಗ್ರೀಸ್ ಇದ್ದ ಕಡೆ ಪಾಲಿಯೂರಿಯಾ ಗ್ರೀಸ್ ಹಾಕಿದರೆ ಎರಡೂ ಹೊಂದದೆ ನೀರಾಗಿ ಸೋರಿ ಹೋಗಬಹುದು. ಡಬ್ಬಿಯ ಮೇಲಿನ ಹೆಸರು ಓದು, ಎಷ್ಟು ಗ್ರಾಂ ಎಂದು ಮ್ಯಾನುಯಲ್‌ನಲ್ಲಿ ನೋಡು.

ಬೇರಿಂಗ್ ಬದಲಿಸಿದ ಮೂರೇ ತಿಂಗಳಿಗೆ ಮತ್ತೆ ಹೋಯಿತೋ, ಆಗ ಬೇರಿಂಗ್ ಕಂಪನಿಯನ್ನು ಬೈಯುವ ಮೊದಲು ಮೋಟಾರಿನ ಕಾಲು ನೋಡು. ಪಂಪ್ ನಿಲ್ಲಿಸಿ, ಮೋಟಾರಿನ ಮೇಲೆ ಡಯಲ್ ಗೇಜ್ ಕೂರಿಸಿ, ನಾಲ್ಕು ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸು. ಒಂದು ಕಾಲು ಸಡಿಲಿಸಿದ ಕೂಡಲೇ ಮುಳ್ಳು ಜಿಗಿದರೆ, ಆ ಕಾಲು ಬೇಸಿನ ಮೇಲೆ ಸರಿಯಾಗಿ ಕೂತೇ ಇರಲಿಲ್ಲ, ಬೋಲ್ಟ್ ಅದನ್ನು ಬಲವಂತವಾಗಿ ಎಳೆದು ಹಿಡಿದಿತ್ತು ಎಂದರ್ಥ. ತೆಳ್ಳನೆಯ ಶಿಮ್ ಕೊಟ್ಟು ಸರಿಮಾಡಿ, ಆಮೇಲೆ ಅಲೈನ್‌ಮೆಂಟ್ ನೋಡಬೇಕು. ಬರೀ ಬೇರಿಂಗ್ ಬದಲಿಸುವವನು ಅದೇ ಪಂಪಿನ ಹತ್ತಿರ ಮತ್ತೆ ಮತ್ತೆ ಹೋಗುತ್ತಲೇ ಇರುತ್ತಾನೆ.

ಇನ್ನು, ಚೆನ್ನಾಗಿ ಓಡುತ್ತಿರುವುದನ್ನು ಬಿಚ್ಚುವ ಚಪಲ ಬೇಡ. ವಿಮಾನದ ಭಾಗಗಳನ್ನು ಇಷ್ಟು ಗಂಟೆಗೊಮ್ಮೆ ಬಿಚ್ಚಿ ಜೋಡಿಸಲೇಬೇಕು ಎಂದು ಒಂದು ಕಾಲದಲ್ಲಿ ನಂಬಿದ್ದರು. ಯುನೈಟೆಡ್ ಏರ್‌ಲೈನ್ಸ್‌ನ ನೌಲನ್ ಮತ್ತು ಹೀಪ್ 1978ರಲ್ಲಿ ಕೊಟ್ಟ ವರದಿ ಆ ನಂಬಿಕೆಯನ್ನು ಅಲ್ಲಾಡಿಸಿತು. ಅವರು ನೋಡಿದ ಬಿಡಿಭಾಗಗಳಲ್ಲಿ ವಯಸ್ಸಾದ ಹಾಗೆ ಕೆಡುವ ಸಂಭವ ಹೆಚ್ಚುತ್ತಾ ಹೋಗುತ್ತಿದ್ದದ್ದು ಶೇಕಡ 11ರಲ್ಲಿ ಮಾತ್ರ. ಶೇಕಡ 68ರಷ್ಟು ಭಾಗಗಳು ಹೊಸದಾಗಿ ಜೋಡಿಸಿದ ಆರಂಭದಲ್ಲೇ ಹೆಚ್ಚು ಕೆಡುತ್ತಿದ್ದವು. ಆ ಅವಧಿ ದಾಟಿದರೆ ಆಮೇಲೆ ಆರಾಮ. ಅಂದರೆ ಕ್ಯಾಲೆಂಡರ್ ನೋಡಿ ಬಿಚ್ಚುವ ಪ್ರತಿ ಸಲವೂ ಆ ಅಪಾಯದ ಆರಂಭವನ್ನು ನಾವೇ ಮತ್ತೆ ತಂದುಕೊಳ್ಳುತ್ತೇವೆ. ಹಾಗಂತ ಎಲ್ಲವನ್ನೂ ಕೆಡುವವರೆಗೆ ಬಿಡು ಎಂದಲ್ಲ. ಬೆಲ್ಟು, ಸೀಲು, ಫಿಲ್ಟರ್ ಸವೆಯುವಂಥವು. ಅವಕ್ಕೆ ದಿನಾಂಕ ಬೇಕು. ಯಾವುದಕ್ಕೆ ದಿನಾಂಕ, ಯಾವುದಕ್ಕೆ ಬರೀ ಕಣ್ಣು ಎಂದು ಬೇರೆ ಮಾಡುವುದರಲ್ಲೇ ನಿನ್ನ ಓದು ಉಪಯೋಗಕ್ಕೆ ಬರುವುದು.

ಆಯುಧ ಪೂಜೆಯ ಹಿಂದಿನ ದಿನ ಪೀಣ್ಯದಲ್ಲಿ ಒಂದು ಸುತ್ತು ಹಾಕಿ ಬಾ. ವರ್ಷವಿಡೀ ಜಿಡ್ಡು ಹಿಡಿದಿದ್ದ ಯಂತ್ರಗಳನ್ನು ಆಪರೇಟರುಗಳು ತಾವೇ ನಿಂತು ಉಜ್ಜಿ ಒರೆಸುತ್ತಿರುತ್ತಾರೆ. ಸೋರುವ ಸೀಲು, ಬಿಟ್ಟುಹೋದ ಬೋಲ್ಟು, ಬೆಸುಗೆಯ ಪಕ್ಕದ ಕೂದಲೆಳೆಯ ಬಿರುಕು ಕಣ್ಣಿಗೆ ಬೀಳುವುದು ಆ ದಿನವೇ. ಒರೆಸುವುದೂ ಪರೀಕ್ಷೆಯೇ ಎಂದು ಜಪಾನಿನವರು 1970ರ ದಶಕದಿಂದ ಟಿಪಿಎಂ ಪದ್ಧತಿಯಲ್ಲಿ ಪಾಠ ಮಾಡುತ್ತಾ ಬಂದಿದ್ದಾರೆ. ಕುಂಬಳಕಾಯಿ ಒಡೆಯುವ ಮೊದಲು ನೀನು ಒಂದು ನೋಟ್‌ಬುಕ್ ಹಿಡಿದು ಪ್ರತಿ ಆಪರೇಟರನ ಹತ್ತಿರ ಹೋಗಿ, ‘ಅಣ್ಣಾ, ಒರೆಸುವಾಗ ಏನು ಕಂಡಿತು?’ ಅಂತ ಕೇಳು. ಅವರಿಗೆ ಗೊತ್ತಿರುವಷ್ಟು ನಿನ್ನ ಮೀಟರಿಗೂ ಗೊತ್ತಿರುವುದಿಲ್ಲ.

ನೋಡಿ ಹೇಳಿದರೆ ಏನಾಗುತ್ತದೆ ಎಂಬುದಕ್ಕೆ ತುಮಕೂರು ರಸ್ತೆಯ ಮೇಲ್ಸೇತುವೆಯೇ ಇದೆ. ಒಳಗಿನ ಕೇಬಲ್‌ಗಳಲ್ಲಿ ದೋಷ ಕಂಡಿತೆಂದು 2021ರ ಡಿಸೆಂಬರಿನಲ್ಲಿ ಅದನ್ನು ಮುಚ್ಚಿದರು. 2022ರ ಫೆಬ್ರವರಿಯಲ್ಲಿ ಕಾರು, ಬೈಕುಗಳಿಗೆ ಬಿಟ್ಟರು. ಲಾರಿ, ಬಸ್ಸುಗಳಿಗೆ ಬಿಡಲು 2024ರ ಜುಲೈ ಬಂತು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಆ ದಿನಗಳಲ್ಲಿ ಜನ ಪಟ್ಟ ಪಾಡು ನನಗೆ ಗೊತ್ತು, ಪೀಣ್ಯದ ಸಣ್ಣ ಕೈಗಾರಿಕೆಗಳಿಗೆ ಬಿದ್ದ ಪೆಟ್ಟೂ ಗೊತ್ತು. ಆದರೂ ಮುಚ್ಚಿದವರನ್ನು ನಾನು ಬೈಯಲಾರೆ. ಶಾಪ ಹಾಕಿಸಿಕೊಂಡರು, ಆದರೆ ಸೇತುವೆ ಯಾರ ತಲೆಯ ಮೇಲೂ ಬೀಳಲಿಲ್ಲ. ‘ಈ ಪ್ರೆಸ್ ನಿಲ್ಲಿಸಬೇಕು ಸಾರ್’ ಎಂದು ನೀನೂ ಒಂದು ದಿನ ಹೇಳಬೇಕಾಗುತ್ತದೆ. ಹೇಳುವಾಗ ಕೈಯಲ್ಲಿ ಅಂಕಿ ಇರಲಿ, ದನಿ ಮೆತ್ತಗಿರಲಿ, ಮಾತು ಮಾತ್ರ ಸಡಿಲವಾಗಬಾರದು.

ಶಿಫ್ಟ್ ಬದಲಾಗುವ ಹೊತ್ತು ಅತ್ಯಂತ ಅಪಾಯದ್ದು. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯಲ್ಲಿ 167 ಜನ ಸತ್ತರು. ಒಂದು ಪಂಪಿನ ಸೇಫ್ಟಿ ವಾಲ್ವನ್ನು ಹಗಲಿನವರು ರಿಪೇರಿಗೆಂದು ಬಿಚ್ಚಿಟ್ಟಿದ್ದರು. ಆ ಸಂಗತಿ ರಾತ್ರಿಯವರಿಗೆ ಮುಟ್ಟಿರಲಿಲ್ಲ; ಇನ್ನೊಂದು ಪಂಪು ಕೈಕೊಟ್ಟಾಗ ಅವರು ಇದನ್ನು ಚಾಲೂ ಮಾಡಿದರು. ಬಸ್ಸು ಹೋಗುತ್ತದೆ ಅಂತ ಓಡಬೇಡ. ನಿನ್ನ ಜಾಗಕ್ಕೆ ಬರುವವನನ್ನು ಯಂತ್ರದ ಹತ್ತಿರವೇ ಕರೆದುಕೊಂಡು ಹೋಗಿ, ಬಿಚ್ಚಿಟ್ಟದ್ದನ್ನು ಬೆರಳಿಟ್ಟು ತೋರಿಸು, ಅವನ ಎದುರಿಗೇ ಲಾಗ್ ಬುಕ್ಕಿನಲ್ಲಿ ಬರೆ.

ಮಾನ್ಯತಾ ಟೆಕ್ ಪಾರ್ಕಿಗೆ ಹೋಗುವ ನಿನ್ನ ಗೆಳೆಯರನ್ನು ನೋಡಿ ಕರುಬಬೇಡ. ಸರ್ವರ್ ಬೀಳದಂತೆ ರಾತ್ರಿ ಕಾಯುವವರು ಅವರಲ್ಲೂ ಇದ್ದಾರೆ, ಅವರದೂ ಇದೇ ಕೆಲಸ. ಅವರಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ: ಏನಾದರೂ ಕೆಟ್ಟರೆ ಯಾರು ಕೆಡಿಸಿದರು ಎಂದು ಹುಡುಕದೆ, ಹೇಗೆ ಕೆಟ್ಟಿತು ಎಂದು ಎಲ್ಲರೂ ಕೂತು ಬರೆಯುತ್ತಾರೆ. ಅದನ್ನು ಕೇಳಿ ತಿಳಿದುಕೊಂಡು ನಿಮ್ಮ ಶಾಪಿಗೆ ತಾ. ಬೈಗುಳಕ್ಕೆ ಹೆದರುವ ಕಡೆ ನಿಜ ಬಚ್ಚಿಟ್ಟುಕೊಳ್ಳುತ್ತದೆ.

ಕಡೆಯದಾಗಿ ನಿನ್ನ ಜೀವದ ಮಾತು. ಯಂತ್ರದೊಳಗೆ ಕೈ ಹಾಕುವ ಮೊದಲು ಪ್ಯಾನೆಲ್‌ನ ಮೇನ್ ಆಫ್ ಮಾಡಿ ಅದಕ್ಕೆ ನಿನ್ನದೇ ಬೀಗ ಹಾಕು, ನಿನ್ನ ಹೆಸರಿನ ಚೀಟಿ ತಗುಲಿಸು, ಬೀಗದ ಕೈ ನಿನ್ನ ಜೇಬಿನಲ್ಲಿರಲಿ. ಆಮೇಲೆ ಸ್ಟಾರ್ಟ್ ಬಟನ್ ಒತ್ತಿ ನೋಡು, ತಿರುಗುವುದಿಲ್ಲ ಎಂದು ಖಾತ್ರಿಯಾಗಲಿ. ಮ್ಯಾನೇಜರೇ ಬಂದು ಕೇಳಿದರೂ ಬೀಗದ ಕೈ ಕೊಡಬೇಡ. ಕೆಲಸ ಮುಗಿಸಿ ಹೊರಗೆ ಬಂದು ನೀನೇ ತೆಗೆಯಬೇಕು. ಕಂಪನಿಯವರು ಬೀಗ ಕೊಡುವುದು ತಡವಾದರೆ ಮೊದಲ ಸಂಬಳಕ್ಕೂ ಕಾಯಬೇಡ. ಯಶವಂತಪುರದ ಯಾವುದಾದರೂ ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದೇ ಕೈ ಇರುವ ಗಟ್ಟಿ ಬೀಗ ಸಿಗುತ್ತದೆ. ಭಾನುವಾರ ಸಂಜೆ ಬಾ, ಇಬ್ಬರೂ ಹೋಗಿ ತರೋಣ.